ತಿರುಗದ ತಿರುಪು

ಮೊದಲ ದಿನ

ಕಚೇರಿಯ ಕೆಲಸಕ್ಕೆಂದು ಬ್ರೆಜಿಲ್‌ಗೆ ಹೋದವನು ಕೆಲಸ ಮುಗಿದ ಮೇಲೂ ಆರು ದಿನ ಉಳಿದುಕೊಂಡದ್ದು ಒಂದು ಹಳೆಯ ವ್ಯಾನಿನ ದೆಸೆಯಿಂದ. ಸಾವೊ ಪಾಲೊದ ನನ್ನ ಸಹೋದ್ಯೋಗಿಯ ಅತ್ತೆಯವರು ನಗರದ ಆಗ್ನೇಯಕ್ಕಿರುವ ಸಾವೊ ಬೆರ್ನಾರ್ಡೊ ಡೊ ಕಾಂಪೊದಲ್ಲಿ ವಾಸವಾಗಿದ್ದಾರೆ. ಅವರ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಹದಿನೈದು ವರ್ಷಗಳಿಂದ ನಿಂತಿರುವ ಫೈಬರ್‌ಗ್ಲಾಸ್ ವ್ಯಾನೊಂದರ ಚಿತ್ರವನ್ನು ಆತ ಊಟದ ಹೊತ್ತಿನಲ್ಲಿ ತೋರಿಸಿ, ಇದನ್ನು ಯಾರು ಮಾಡಿದರೆಂದು ಮನೆಯವರಿಗಾರಿಗೂ ತಿಳಿಯದು ಎಂದಿದ್ದ. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ, ಗಾಜುನಾರಿಗೆ ರಾಳ ಹಚ್ಚಿ ಅಚ್ಚಿನಲ್ಲಿ ಗಟ್ಟಿಯಾಗಿಸುವ ಇದೇ ಫೈಬರ್‌ಗ್ಲಾಸ್ ಉದ್ಯೋಗದಲ್ಲಿರುವ ನನಗೆ ಅಷ್ಟು ಸಾಕಾಯಿತು.

ಸಾವೊ ಬೆರ್ನಾರ್ಡೊ ಮೋಟಾರು ಕಾರ್ಖಾನೆಗಳ ಊರು. ವಿಯಾ ಆಂಶಿಯೆಟಾ ಹೆದ್ದಾರಿಯ ಮಗ್ಗುಲಲ್ಲಿರುವ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ 1957ರಿಂದ 2013ರ ಡಿಸೆಂಬರಿನವರೆಗೆ ಕೊಂಬಿ ವ್ಯಾನುಗಳು ತಯಾರಾದವು. ನಾವು ಬೀಟಲ್ ಎಂದು ಬಲ್ಲ, ಬ್ರೆಜಿಲಿನವರು ಫುಸ್ಕಾ ಎಂದು ಕರೆಯುವ ಕಾರು 1959ರಿಂದ ಅಲ್ಲಿಯೇ ತಯಾರಾಯಿತು. ಅತ್ತೆಯವರ ದಿವಂಗತ ಪತಿ ಲೇತ್ ಕೆಲಸಗಾರರಾಗಿದ್ದರು. ಯಾರೋ ಅರ್ಧ ಕಟ್ಟಿ ಬಿಟ್ಟಿದ್ದ ಈ ವ್ಯಾನನ್ನು ಎಂಬತ್ತರ ದಶಕದಲ್ಲಿ ಅಗ್ಗಕ್ಕೆ ಕೊಂಡು, ಎರಡು ವರ್ಷ ಭಾನುವಾರಗಳಲ್ಲಿ ದುಡಿದು ರಸ್ತೆಗಿಳಿಸಿದ್ದರಂತೆ. ಮಾರಿದವರ ಹೆಸರು ಅತ್ತೆಯವರ ನೆನಪಿನಲ್ಲಿಲ್ಲ. ಮತಾಂವ್ ಎಂಬ ಊರಿನ ಕಡೆಯಿಂದ ಲಾರಿಯಲ್ಲಿ ಬಂದಿತ್ತು ಎಂಬುದಷ್ಟು ನೆನಪಿದೆ.

ಮುಂದಕ್ಕೆ ಇಳಿಜಾರಾದ ಮೂತಿ, ಪೆಟ್ಟಿಗೆಯಂಥ ಹಿಂಭಾಗ, ಬಲಗಡೆ ಜಾರುವ ಬಾಗಿಲು. ಎಲ್ಲಿಯೂ ಲಾಂಛನವಿಲ್ಲ, ಲಾಂಛನವಿದ್ದು ಕಿತ್ತುಹೋದ ತೂತುಗಳೂ ಇಲ್ಲ. ನೋಂದಣಿ ಪತ್ರದಲ್ಲಿ ಫೋಕ್ಸ್‌ವ್ಯಾಗನ್, 1972 ಎಂದಷ್ಟೇ ಇದೆ, ಮತ್ತು ಹಿಂದಿನ ಸೀಟಿನ ಅಡಿಯಲ್ಲಿ ನಡುಗೊಳವೆಯ ಮೇಲೆ ಕೊರೆದಿರುವ ಸಂಖ್ಯೆಯೂ ಅದಕ್ಕೆ ತಾಳೆಯಾಗುತ್ತದೆ. ಆದರೆ ಅದು ಅಡಿಪಾಯದ ಜಾತಕವೇ ಹೊರತು ಮೈಯದ್ದಲ್ಲ. ಫುಸ್ಕಾ ಕಾರಿನ ಮೇಲ್ಕವಚವನ್ನು ಬಿಚ್ಚಿ ಬದಿಗಿಟ್ಟರೂ ಕೆಳಗಿನ ಚೌಕಟ್ಟು ತನ್ನ ಇಂಜಿನ್, ಗಾಲಿ, ಸ್ಟಿಯರಿಂಗ್ ಸಮೇತ ತಾನಾಗಿ ಓಡಬಲ್ಲದು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,400 ಮಿಲಿಮೀಟರ್ ಅಂತರವಿರುವ ಆ ಚೌಕಟ್ಟಿಗೆ ಯಾರು ಬೇಕಾದರೂ ತಮಗೆ ತೋಚಿದ ಮೈಯನ್ನು ತೊಡಿಸಬಹುದಾಗಿತ್ತು, ತೊಡಿಸಿದರು ಕೂಡ. ಸರ್ಕಾರದ ಲೆಕ್ಕದಲ್ಲಿ ಉಳಿದದ್ದು ಚೌಕಟ್ಟಿನ ಸಂಖ್ಯೆ ಮಾತ್ರ.

ಮೈಯ ವಯಸ್ಸನ್ನು ತಿಳಿಯಲು ಬೇರೆ ದಾರಿಯಿದೆ. ಸಣ್ಣ ತಯಾರಕರಿಗೆ ಬಾಗಿದ ಗಾಜನ್ನು ಮಾಡಿಸಿಕೊಳ್ಳುವ ಶಕ್ತಿಯಿರುವುದಿಲ್ಲವಾದ್ದರಿಂದ ಅವರು ಯಾವುದೋ ದೊಡ್ಡ ಕಂಪನಿಯ ಗಾಜನ್ನು ಆರಿಸಿಕೊಂಡು ಅದರ ಸುತ್ತ ಉಳಿದ ಮೈಯನ್ನು ರೂಪಿಸುತ್ತಾರೆ. ಇಲ್ಲಿನ ಮುಂಗಾಜು ಕೊಂಬಿಯದು. ಬ್ರೆಜಿಲಿನ ಹಳೆಯ ಕೊಂಬಿಗಳಲ್ಲಿ ಮುಂಗಾಜು ಎರಡು ಹೋಳಾಗಿತ್ತು, ಅವುಗಳನ್ನು ಜನ ‘ಮರಿಗೂಬೆ’ ಎಂಬ ಅರ್ಥದಲ್ಲಿ ಕೊರುಜಿನ್ಯಾ ಎನ್ನುತ್ತಾರೆ. ಒಂದೇ ತುಂಡಿನ ಬಾಗಿದ ಗಾಜು ಬಂದದ್ದು 1976ರ ಮಾದರಿಯಿಂದ. ಹಿಂದಿನ ದೀಪಗಳು ಫುಸ್ಕಾದ ದೊಡ್ಡ ದುಂಡು ದೀಪಗಳು, 1979ರ ಮಾದರಿಯಲ್ಲಿ ಕಾಣಿಸಿಕೊಂಡು, ಒಬ್ಬ ಜನಪ್ರಿಯ ಗಾಯಕಿಯ ಹೆಸರಿನಿಂದ ಫಫಾ ಎಂದು ಕರೆಸಿಕೊಂಡವು. ದೀಪವನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಜ. ಆದರೆ ಆ ದೀಪ ಕೂರುವ ಗುಂಡಿ ಮೈಯಲ್ಲಿಯೇ ಅಚ್ಚಾಗಿ ಬಂದಿರುವಾಗ ಅಚ್ಚು ಅದಕ್ಕಿಂತ ಹಳೆಯದಾಗಿರಲಾರದು. ಹೀಗೆ 1972ರ ಅಡಿಪಾಯದ ಮೇಲೆ 1979ರ ನಂತರದ ಮೈ ಕುಳಿತಿದೆ ಎಂಬಲ್ಲಿಗೆ ಮಧ್ಯಾಹ್ನದ ಹೊತ್ತಿಗೆ ಬಂದೆವು.

ಸಂಜೆ ಹಿಂಬದಿಯನ್ನು ಒರೆಸುತ್ತಿದ್ದಾಗ ನಂಬರ್ ಪ್ಲೇಟಿನ ಮೇಲೆ ಒಂದು ತಿರುಪಿನ ತಲೆ ಕಾಣಿಸಿತು. ಅದು ಏನನ್ನೂ ಹಿಡಿದು ನಿಲ್ಲಿಸಿರಲಿಲ್ಲ. ಬಿಚ್ಚಿ ನೋಡೋಣವೆಂದು ಸ್ಕ್ರೂಡ್ರೈವರ್ ಇಟ್ಟರೆ ಮಿಸುಕಲಿಲ್ಲ. ಆಯಸ್ಕಾಂತ ಅಂಟಲಿಲ್ಲ. ಒಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ತಿರುಪಿನ ಬಾಲವೇ ಇಲ್ಲ, ಬರಿಯ ಗಾಜುನಾರಿನ ಒರಟು ಮೈ. ಅದು ತಿರುಪಲ್ಲ, ತಿರುಪಿನ ಪಡಿಯಚ್ಚು. ಸೀಳು ಗಡಿಯಾರದಲ್ಲಿ ಹತ್ತು ಗಂಟೆಯನ್ನು ತೋರಿಸುವ ಮುಳ್ಳಿನಷ್ಟು ಓರೆಯಾಗಿತ್ತು. ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ಒತ್ತಿ ಅದರ ಗುರುತು ತೆಗೆದುಕೊಂಡೆ. ಎಡಗಡೆಯ ಕಿಟಕಿಯ ಕೆಳಗೆ ಅಂಗೈ ಅಗಲದ ಒಂದು ಉಬ್ಬು ಇದ್ದದ್ದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಎರಡನೆಯ ದಿನ

ಸಾವೊ ಪಾಲೊ ನಗರದ ನಡುವಿನಲ್ಲಿರುವ ಮಾರಿಯೊ ಡಿ ಆಂಡ್ರಾಡಿ ಗ್ರಂಥಾಲಯ 1925ರಲ್ಲಿ ಸ್ಥಾಪನೆಯಾದದ್ದು. ಹಳೆಯ ಮೋಟಾರು ಪತ್ರಿಕೆಗಳನ್ನು ತಿರುವಿಹಾಕುತ್ತ ಇಡೀ ದಿನ ಕಳೆದೆವು. ನನ್ನ ಪೋರ್ಚುಗೀಸ್ ಊಟ ಕೇಳುವಷ್ಟರ ಮಟ್ಟಿನದು, ಆದ್ದರಿಂದ ಓದಿದವನು ಸಹೋದ್ಯೋಗಿ, ನೋಡಿದವನು ನಾನು.

ಎಪ್ಪತ್ತು ಎಂಬತ್ತರ ದಶಕಗಳ ಜಾಹೀರಾತುಗಳಲ್ಲಿ ಫೈಬರ್‌ಗ್ಲಾಸ್ ಮೈಗಳ ಸಂತೆಯೇ ನೆರೆದಿದೆ: ಕಡಲತೀರದ ಬಗ್ಗಿಗಳು, ಹಳೆಯ ಇಂಗ್ಲಿಷ್ ಕಾರುಗಳ ನಕಲುಗಳು, ಎರಡೇ ಸೀಟಿನ ಚೂಪುಮೂತಿಯ ಕಾರುಗಳು. ದೊಡ್ಡ ಕಾರ್ಖಾನೆಗಳ ಸಾಲಿಗೆ ಸೇರದ ಇವನ್ನೆಲ್ಲ ಅಲ್ಲಿ ‘ಫೋರಾ ಡಿ ಸೇರಿ’, ಅಂದರೆ ಸರಣಿಯ ಹೊರಗಿನವು, ಎನ್ನುತ್ತಾರೆ. ಇಷ್ಟೊಂದು ಹುಟ್ಟಿಕೊಳ್ಳಲು ಕಾರಣ ಅಭಿರುಚಿಗಿಂತ ಹೆಚ್ಚಾಗಿ ಸುಂಕದ ಕಟ್ಟೆ. 1976ರಲ್ಲಿ ಬ್ರೆಜಿಲ್ ಹೊರದೇಶದ ಕಾರುಗಳ ಆಮದನ್ನು ನಿಲ್ಲಿಸಿತು. ಫೆರ್ನಾಂಡೊ ಕೊಲ್ಲೊರ್ ಅಧ್ಯಕ್ಷರಾಗಿ 1990ರಲ್ಲಿ ಬಾಗಿಲು ತೆರೆಯುವವರೆಗೆ, ನಾಲ್ಕೈದು ದೊಡ್ಡ ಕಂಪನಿಗಳು ಕೊಟ್ಟದ್ದನ್ನೇ ಕೊಳ್ಳಬೇಕಾಗಿತ್ತು. ಬೇರೆ ಏನಾದರೂ ಬೇಕೆನ್ನುವವನಿಗೆ ಪಕ್ಕದ ಬೀದಿಯ ರಾಳ ಮತ್ತು ಗಾಜುನಾರೇ ಗತಿ. ಉಕ್ಕಿನ ಹಾಳೆಯನ್ನು ಒತ್ತಿ ಮೈ ಮಾಡಲು ದೊಡ್ಡ ಯಂತ್ರ ಬೇಕು, ಸಾವಿರಾರು ಕಾರು ಮಾರಿದರೆ ಮಾತ್ರ ಅದರ ಹಣ ಹುಟ್ಟುತ್ತದೆ. ಫೈಬರ್‌ಗ್ಲಾಸಿಗೆ ಒಂದು ಅಚ್ಚು, ಒಂದು ಕುಂಚ, ಒಂದು ರೋಲರ್, ಮೂಗು ಸುಡುವ ವಾಸನೆಯನ್ನು ತಾಳಿಕೊಳ್ಳುವ ಇಬ್ಬರು ಆಳುಗಳಿದ್ದರೆ ಆಯಿತು. ಅಚ್ಚಿನಿಂದ ಮೈ ಬಿಡಿಸಿಕೊಳ್ಳಲು ಹಚ್ಚುವ ಮೇಣ ಕೂಡ ಆ ದೇಶದ ಈಶಾನ್ಯದಲ್ಲಿ ಬೆಳೆಯುವ ಕಾರ್ನೌಬಾ ತಾಳೆಯ ಎಲೆಯಿಂದಲೇ ಬರುತ್ತದೆ.

ನಮ್ಮ ವ್ಯಾನ್ ಎಲ್ಲಿಯೂ ಸಿಗಲಿಲ್ಲ. ಆದರೆ ಇಬ್ಬರ ಮೇಲೆ ಅನುಮಾನ ಮೂಡಿತು. ಮೊದಲನೆಯದು 1972ರಲ್ಲಿ ಲಾಸ್ ಏಂಜಲೀಸಿನ ಕರ್ಟಿಸ್ ಬ್ರೂಬೇಕರ್ ರೂಪಿಸಿದ ‘ಬಾಕ್ಸ್’ ಎಂಬ ಫೈಬರ್‌ಗ್ಲಾಸ್ ವ್ಯಾನು. ಅದರ ಅಡಿಯಲ್ಲಿಯೂ ಬೀಟಲ್ ಚೌಕಟ್ಟು, ಬಲಗಡೆ ಜಾರುವ ಬಾಗಿಲು, ಕತ್ತರಿಸಿದಂಥ ಮೂತಿ. ಅದರ ಚಿತ್ರವನ್ನು ಕಂಡವರು ಯಾರೋ ಇಲ್ಲಿ ತಮ್ಮ ಕೈಗೆ ಬಂದಂತೆ ಮಾಡಿರಬಹುದು ಎಂದು ತೋರಿತು, ಆದರೆ ಕೊಂಬಿಯ ಗಾಜನ್ನು ಕೂರಿಸಲು ಮುಂಭಾಗವನ್ನೆಲ್ಲ ಹೊಸದಾಗಿ ಕಡೆಯಲೇಬೇಕು. ಎರಡನೆಯ ಅನುಮಾನ ರಿಯೊ ಕ್ಲಾರೊದ ಗುರ್ಜೆಲ್ ಕಂಪನಿಯ ಮೇಲೆ.

ಮೂರನೆಯ ದಿನ

ರಿಯೊ ಕ್ಲಾರೊದಲ್ಲಿ ನಮ್ಮನ್ನು ಕಾಣಬೇಕಾಗಿದ್ದವರು ಮರುದಿನ ಬನ್ನಿ ಎಂದದ್ದರಿಂದ ಬೀದಿಯ ಸಂತೆಗೆ ಹೋದೆವು. ಹಿಂಬಾಗಿಲು ತೆರೆದಿಟ್ಟ ಕೊಂಬಿಯೊಂದರಲ್ಲಿ ಕರಿದ ಪಾಸ್ತೆಲ್, ಪಕ್ಕದ ಗಾಣದಲ್ಲಿ ಕಬ್ಬಿನ ಹಾಲು. ಪಾಸ್ತೆಲನ್ನು ನಮ್ಮ ಕಡುಬಿನ ದೊಡ್ಡಣ್ಣನೆಂದು ತಿಳಿಯಬಹುದು, ಸಿಹಿ ಹೂರಣದ ಬದಲಿಗೆ ಚೀಸು. ಕೊಂಬಿಯ ಮಾಲೀಕರಿಗೆ ಫೋನಿನಲ್ಲಿ ನಮ್ಮ ವ್ಯಾನಿನ ಚಿತ್ರ ತೋರಿಸಿದಾಗ, ಮುಂಗಾಜನ್ನು ಬೆರಳಿನಿಂದ ತಟ್ಟಿ, ‘ಇದು ನನ್ನದು’ ಎಂದರು.

ನಾಲ್ಕನೆಯ ದಿನ

ತಿಯೆತೆ ಬಸ್ ನಿಲ್ದಾಣದಿಂದ ರಿಯೊ ಕ್ಲಾರೊಗೆ ಸುಮಾರು 175 ಕಿಲೋಮೀಟರ್. ಊರು ಹತ್ತಿರವಾದಂತೆ ನೀಲಗಿರಿ ಮರಗಳ ತೋಪು ಎದುರಾಯಿತು. ಪಾಲಿಸ್ತಾ ರೈಲ್ವೆ ಕಂಪನಿಯ ಉಗಿಬಂಡಿಗಳಿಗೆ ಸೌದೆ ಒದಗಿಸಲೆಂದು ಎಡ್ಮುಂಡೊ ನವಾರೊ ಡಿ ಆಂಡ್ರಾಡಿ ಎಂಬ ಕೃಷಿತಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆಸಿದ ಕಾಡು ಅದು. ಈಗ ಅವರ ಹೆಸರಿನ ಸಂರಕ್ಷಿತ ಅರಣ್ಯವಾಗಿದೆ. ನಮ್ಮ ಬಯಲುಸೀಮೆಯ ರಸ್ತೆಯೊಂದರಲ್ಲಿ ಇದ್ದೇನೆಂಬ ಭ್ರಮೆ ಐದು ನಿಮಿಷ ಹಿಡಿದಿತ್ತು.

ಜೊವಾವ್ ಆಗುಸ್ಟೊ ಕೊನ್ರಾಡೊ ಡೊ ಅಮರಾಲ್ ಗುರ್ಜೆಲ್ ಎಂಬ ಇಂಜಿನಿಯರು 1969ರಲ್ಲಿ ಕಂಪನಿ ಕಟ್ಟಿ, 1975ರಲ್ಲಿ ಅದನ್ನು ಈ ಊರಿಗೆ ತಂದರು. ಬ್ರೆಜಿಲಿನದೇ ಆದ ಕಾರು ಇರಬೇಕೆಂಬ ಹಟ ಅವರದು. 1974ರ ಸಾವೊ ಪಾಲೊ ಮೋಟಾರು ಪ್ರದರ್ಶನದಲ್ಲಿ ವಿದ್ಯುತ್ ಕಾರೊಂದನ್ನು ನಿಲ್ಲಿಸಿ, ಬ್ರೆಜಿಲ್ ಮತ್ತು ಪರಾಗ್ವೆ ಅದರ ಹಿಂದಿನ ವರ್ಷವಷ್ಟೇ ಒಪ್ಪಂದ ಮಾಡಿಕೊಂಡಿದ್ದ ಅಣೆಕಟ್ಟಿನ ಹೆಸರನ್ನು, ಇತೈಪು ಎಂದು, ಅದಕ್ಕೆ ಇಟ್ಟರು. ಆ ಅಣೆಕಟ್ಟು ವಿದ್ಯುತ್ ಕೊಡತೊಡಗಿದ್ದು ಹತ್ತು ವರ್ಷಗಳ ಮೇಲೆ! ಎಂಬತ್ತರ ದಶಕದ ಆರಂಭದಲ್ಲಿ ಇತೈಪು ಇ400 ಎಂಬ ಬ್ಯಾಟರಿ ವ್ಯಾನು, ಅದರ ಬೆನ್ನಿಗೇ ಫೋಕ್ಸ್‌ವ್ಯಾಗನ್ ಇಂಜಿನ್ನಿನ ಜಿ800 ಬಂದವು. ಕಾಲವೂ ಆಕಾರವೂ ನಮ್ಮ ವ್ಯಾನಿಗೆ ಹೊಂದುತ್ತಿದ್ದುದರಿಂದ ನಾನು ಬಹಳ ಆಸೆಯಿಂದಲೇ ಹೋಗಿದ್ದೆ.

ದುರಸ್ತಿ ಶೆಡ್ಡಿನಲ್ಲಿ ಬಾಗಿಲುಗಳಿಲ್ಲದ ಜಿ800 ಒಂದು ನಿಂತಿತ್ತು. ಅದರ ಮಾಲೀಕರು ನಿವೃತ್ತ ಶಾಲಾ ಮಾಸ್ತರರು. ಅವರು ಮೊದಲು ಕಾಫಿ ಕೊಟ್ಟರು, ಅನಂತರ ಗುರ್ಜೆಲರ ಬಗೆಗೆ ಒಂದು ಗಂಟೆ ಮಾತನಾಡಿದರು. ಆ ಒಂದು ಗಂಟೆ ವ್ಯರ್ಥವೆಂದು ನನಗೆ ಅನ್ನಿಸಲಿಲ್ಲ. 1988ರಲ್ಲಿ ತಮ್ಮದೇ ಎರಡು ಸಿಲಿಂಡರಿನ ಇಂಜಿನ್ ಇರುವ ಬಿಆರ್‌800 ಕಾರನ್ನು ತಂದು, ಕೊಳ್ಳುವವರಿಗೆ ಕಂಪನಿಯ ಷೇರುಗಳನ್ನೂ ಕಾರಿನ ಜೊತೆಗೇ ಮಾರಿದ ಆ ಮನುಷ್ಯನ ಕಾರ್ಖಾನೆ 1990ರ ಮೇಲೆ ಹೊರಗಿನ ಕಾರುಗಳ ಪೈಪೋಟಿಯಲ್ಲಿ ಕುಸಿದು, ದಶಕದ ನಡುವಿಗೆ ದಿವಾಳಿಯಾಯಿತು. 2009ರಲ್ಲಿ ಗುರ್ಜೆಲ್ ತೀರಿಕೊಂಡರು. ಮಾಸ್ತರರು ಇದನ್ನು ಹೇಳುವಾಗ ನೆಂಟರ ಮನೆಯ ಸಾವಿನ ಸುದ್ದಿ ಹೇಳಿದಂತಿತ್ತು.

ಆದರೆ ವ್ಯಾನಿನ ಕೆಳಗೆ ಮಲಗಿ ನೋಡಿದ ಕೂಡಲೇ ನನ್ನ ಆಸೆ ಇಳಿಯಿತು. ಗುರ್ಜೆಲ್ ಗಾಡಿಗಳ ಗುಟ್ಟು ‘ಪ್ಲಾಸ್ಟೀಲ್’: ಚೌಕನೆಯ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಗಾಜುನಾರಿನೊಳಗೇ ಹುದುಗಿಸಿ ಮೈಯನ್ನೂ ಅಡಿಪಾಯವನ್ನೂ ಒಂದಾಗಿಸುವ ವಿಧಾನ. ಕೊಳವೆಗಳಿದ್ದ ಕಡೆ ಆಯಸ್ಕಾಂತ ಟಕ್ಕನೆ ಅಂಟಿಕೊಂಡಿತು. ಸಾವೊ ಬೆರ್ನಾರ್ಡೊದ ವ್ಯಾನಿನಲ್ಲಿ ಕೆಳಗೆ ಅಪ್ಪಟ ಫುಸ್ಕಾ, ಮೇಲೆ ಬರಿಯ ಚಿಪ್ಪು, ನಡುವೆ ಹತ್ತಾರು ಬೋಲ್ಟು. ಇವೆರಡೂ ಒಂದೇ ಮನೆಯ ಮಕ್ಕಳಲ್ಲ. ಮಾಸ್ತರರು ಚಿತ್ರವನ್ನು ನೋಡಿ, ಇಂಥದ್ದನ್ನು ಕಂಡಿಲ್ಲವೆಂದೂ, ಮತಾಂವ್ ಕಡೆಯಿಂದ ಬಂದದ್ದಾದರೆ ಅಲ್ಲಿ ಪೂಮಾ ಎಂಬ ಫೈಬರ್ ಕಾರಿನ ಕಾಲದಿಂದಲೂ ಫೈಬರ್ ಕೆಲಸ ಬಲ್ಲವರಿದ್ದಾರೆಂದೂ ಹೇಳಿ, ತಮಗೆ ಪರಿಚಯವಿದ್ದ ಹಿರಿಯ ಕೆಲಸಗಾರರೊಬ್ಬರ ಫೋನ್ ನಂಬರ್ ಕೊಟ್ಟರು.

ಐದನೆಯ ದಿನ

ವಾಷಿಂಗ್ಟನ್ ಲೂಯಿಸ್ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದಂತೆಲ್ಲ ಎರಡೂ ಕಡೆ ಕಬ್ಬು, ಮತ್ತೆ ಕಬ್ಬು, ನಡುವೆ ಕಿತ್ತಳೆ ತೋಟ. 1975ರಲ್ಲಿ ಸರ್ಕಾರ ಕಬ್ಬಿನ ಆಲ್ಕೋಹಾಲನ್ನು ಕಾರುಗಳಿಗೆ ಇಂಧನವಾಗಿಸುವ ಯೋಜನೆ ತಂದಾಗ, ಊಟದ ನೆಲದಲ್ಲಿ ಕಾರಿನ ಮೇವು ಬೆಳೆಯಬಾರದೆಂದು ವಿರೋಧಿಸಿದವರಲ್ಲಿ ಗುರ್ಜೆಲರೂ ಒಬ್ಬರು. ಅವರ ಕಾರ್ಖಾನೆಯಿದ್ದ ಹೆದ್ದಾರಿಯೇ ಇಂದು ಈ ಕಬ್ಬಿನ ಸಮುದ್ರವನ್ನು ಸೀಳಿಕೊಂಡು ಹೋಗುತ್ತದೆ.

ಬ್ರೆಜಿಲಿನ ಫೈಬರ್‌ಗ್ಲಾಸ್ ಕಾರುಗಳ ಚರಿತ್ರೆಯಲ್ಲಿ ಮತಾಂವ್ ಊರಿಗೆ ಕ್ಷೇತ್ರದ ಸ್ಥಾನವಿದೆ. ಅರವತ್ತರ ದಶಕದಲ್ಲಿ ರೀನೊ ಮಲ್ಜೋನಿ ಇಲ್ಲಿನ ತಮ್ಮ ಜಮೀನಿನಲ್ಲಿ ಡಿಕೆಡಬ್ಲ್ಯು ಎಂಬ ಜರ್ಮನ್ ಮೂಲದ ಕಾರಿನ ಯಂತ್ರಭಾಗಗಳ ಮೇಲೆ ಓಟದ ಕಾರನ್ನು ಕಟ್ಟಿದರು. ಅದೇ ಮುಂದೆ ಪೂಮಾ ಆಯಿತು. ಡಿಕೆಡಬ್ಲ್ಯು ಕಾರುಗಳನ್ನು ತಯಾರಿಸುತ್ತಿದ್ದ ವೆಮಾಗ್ ಕಂಪನಿಯನ್ನು 1967ರಲ್ಲಿ ಫೋಕ್ಸ್‌ವ್ಯಾಗನ್ ನುಂಗಿಕೊಂಡ ಮೇಲೆ ಪೂಮಾ ತನ್ನ ಮೈಯನ್ನು ಬದಲಿಸಿ ಫೋಕ್ಸ್‌ವ್ಯಾಗನ್ ಅಡಿಪಾಯದ ಮೇಲೆ ಕುಳಿತಿತು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅದರ ಕೊನೆಯ ಅಧ್ಯಾಯ. ಎಂಬತ್ತರ ದಶಕದಲ್ಲಿ ಕಂಪನಿ ಸೋತಾಗ ಅದರ ಅಚ್ಚುಗಳು ಕುರಿಚಿಬಾ ನಗರದ ಅರೌಕಾರಿಯಾ ಎಂಬ ಕಂಪನಿಗೆ ಹೋದವು, ಅಲ್ಲಿಂದ ಆಲ್ಫಾ ಮೆಟಾಯ್ಸ್ ಎಂಬ ಇನ್ನೊಂದಕ್ಕೆ. ಕಾರ್ಖಾನೆ ಸತ್ತರೂ ಅಚ್ಚು ಸಾಯುವುದಿಲ್ಲ, ಊರೂರು ತಿರುಗುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ನಮ್ಮ ಅಜ್ಜಿಯ ಮನೆಯ ಬೀದಿಗೆಲ್ಲ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳು ಒಂದೇ ಜೊತೆ ಇದ್ದವು. ಹಬ್ಬಕ್ಕೆ ಹದಿನೈದು ದಿನ ಮೊದಲೇ ಅವು ಮನೆಯಿಂದ ಮನೆಗೆ ಹೊರಡುತ್ತಿದ್ದವು, ಮತ್ತು ಗಿಳಿಯ ಅಚ್ಚಿನಲ್ಲಿ ಕೊಕ್ಕು ಮುಕ್ಕಾಗಿದ್ದರಿಂದ ಬೀದಿಯ ಎಲ್ಲ ಮನೆಗಳ ಎಳ್ಳಿನ ತಟ್ಟೆಯಲ್ಲಿಯೂ ಮೊಂಡು ಮೂತಿಯ ಗಿಳಿಗಳೇ ಕೂರುತ್ತಿದ್ದವು. ಮಣೆ ಮೊದಲು ಯಾರದಿತ್ತೆಂದು ಯಾರೂ ಹೇಳುತ್ತಿರಲಿಲ್ಲ. ಫೈಬರ್‌ಗ್ಲಾಸನ್ನು ಹೀಗೆ ಒಳಗಿನಿಂದ ನೋಡುವ ಅಭ್ಯಾಸ ನನಗೆ ಬಂದದ್ದು ಸೋದರಮಾವನ ಡಾಲ್ಫಿನ್ ಕಾರಿನಿಂದ. ಬೆಂಗಳೂರಿನ ಸಿಪಾನಿ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1982ರಲ್ಲಿ ತಂದ ಆ ಫೈಬರ್‌ಗ್ಲಾಸ್ ಕಾರನ್ನು ಮಾವ ಒಮ್ಮೆ ಗೇಟಿನ ಕಂಬಕ್ಕೆ ಒರೆಸಿಕೊಂಡು ಬಂದಾಗ, ರಾಳ ಹಚ್ಚಿ ತೇಪೆ ಹಾಕುವ ಕೆಲಸಕ್ಕೆ ಕೈಯಾಳಾದವನು ನಾನು.

ಮಾಸ್ತರರು ಸೂಚಿಸಿದ್ದ ಹಿರಿಯರಿಗೆ ಎಪ್ಪತ್ತರ ಮೇಲಾಗಿದೆ. ಅವರು ಚಿತ್ರಗಳನ್ನು ಒಂದೊಂದಾಗಿ ನೋಡಿ, ಎಡಗಡೆಯ ಉಬ್ಬಿನ ಚಿತ್ರದ ಬಳಿ ತಡೆದರು. ಇದನ್ನು ತಾವು ಉಜ್ಜಿ ಉಜ್ಜಿ ಸಾಕಾಗಿದ್ದೆವೆಂದೂ, ಪ್ರತಿಯೊಂದು ಮೈಯೂ ಅಚ್ಚಿನಿಂದ ಈ ಉಬ್ಬನ್ನು ಹೊತ್ತೇ ಬರುತ್ತಿತ್ತೆಂದೂ, ಅಚ್ಚನ್ನೇ ತಿದ್ದಲು ಮಾಲೀಕರು ಒಪ್ಪಲಿಲ್ಲವೆಂದೂ ಹೇಳಿದರು. ಒಟ್ಟು ಹತ್ತೋ ಹನ್ನೊಂದೋ ಮೈಗಳು ಹೊರಬಂದಿರಬೇಕು. ಗಿರಾಕಿಗಳೇ ಫುಸ್ಕಾ ತಂದು, ಮೈಯನ್ನೂ ಬಾಗಿಲುಗಳನ್ನೂ ಕೊಂಡು, ಉಳಿದದ್ದನ್ನು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಹೆಸರು? ‘ವ್ಯಾನು ಅನ್ನುತ್ತಿದ್ದೆವು’ ಎಂದರು.

ಆರನೆಯ ದಿನ

ಹಿರಿಯರೇ ಜೊತೆಯಲ್ಲಿ ಬಂದರು. ಮತಾಂವ್‌ನಿಂದ ಅರ್ಧ ಗಂಟೆಯ ದಾರಿ. ಒಂದು ಕಾಲಕ್ಕೆ ವ್ಯಾನಿನ ಮೈಗಳನ್ನು ತೆಗೆಯುತ್ತಿದ್ದ ಅಂಗಳದಲ್ಲಿ ಈಗ ನೀರಿನ ತೊಟ್ಟಿಗಳೂ ಸಣ್ಣ ಈಜುಕೊಳಗಳೂ ತಯಾರಾಗುತ್ತವೆ. ನೀಲಿ ಬಣ್ಣದ ಕೊಳಗಳನ್ನು ಬೇಲಿಗೆ ಒರಗಿಸಿ ನಿಲ್ಲಿಸಿದ್ದರು. ರಾಳದ ಸ್ಟೈರೀನ್ ವಾಸನೆ ಮೂಗಿಗೆ ಬಡಿದಾಗ ಪೀಣ್ಯದ ನಮ್ಮ ಶೆಡ್ಡಿನ ನೆನಪಾಯಿತು. ಈಗಿನ ಮಾಲೀಕರು ಮೊದಲಿನವರ ಮಗ, ನನಗಿಂತ ಒಂದೆರಡು ವರ್ಷ ದೊಡ್ಡವರು.

ಅಚ್ಚು ಅಂಗಳದ ಕೊನೆಯಲ್ಲಿ, ಹಲಸಿನ ಮರದ ಕೆಳಗೆ ಬೋರಲಾಗಿ ಬಿದ್ದಿತ್ತು. ಎರಡು ಹೋಳು: ಎಡಮಗ್ಗುಲು ಮತ್ತು ಹಿಂಭಾಗ ಸೇರಿ ಒಂದು, ಮೂತಿಯ ಅರ್ಧ ಇನ್ನೊಂದು. ಬಲಮಗ್ಗುಲನ್ನು ಯಾವಾಗಲೋ ಕತ್ತರಿಸಿ ಶೆಡ್ಡಿನ ಮಾಡಿಗೆ ಬಳಸಿದ್ದರು. ದೊಡ್ಡ ಹೋಳನ್ನು ಮಗುಚಲು ಐದು ಜನ ಬೇಕಾಯಿತು. ಒಳಮೈಯನ್ನು ನೀರು ಹಾಕಿ ತೊಳೆದು, ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಉಜ್ಜುತ್ತ ಹೋದೆ. ಕಿಟಕಿಯ ಕೆಳಗೆ ಅಂಗೈ ಅಗಲದ ತಗ್ಗು ಇತ್ತು, ಅಲ್ಲಿ ಬಿಳಿ ಹತ್ತಲಿಲ್ಲ. ಹಿಂಭಾಗದಲ್ಲಿ ನಂಬರ್ ಪ್ಲೇಟಿನ ಜಾಗದ ಮೇಲೆ ಬೆರಳಾಡಿಸಿದಾಗ ಬಟಾಣಿ ಕಾಳಿನಷ್ಟು ಗುಳಿ ಸಿಕ್ಕಿತು. ಕ್ಲೇ ಒತ್ತಿ ತೆಗೆದರೆ ಸೀಳಿನ ಸಮೇತ ತಿರುಪಿನ ತಲೆ ಎದ್ದುಬಂತು. ಮೊದಲ ದಿನದ ಗುರುತಿನೊಳಗೆ ಅದನ್ನು ಇಟ್ಟು ಕೂರಿಸಿದೆ. ಬೀಗದಲ್ಲಿ ಕೀಲಿ ಕೂತಂತೆ ಕೂತಿತು. ಸೀಳಿನ ಓರೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಸಹೋದ್ಯೋಗಿ ಅಲ್ಲಿಂದಲೇ ಅತ್ತೆಯವರಿಗೆ ಫೋನ್ ಮಾಡಿದ.

ನಾನು ಮಾತ್ರ ಸೀಮೆಸುಣ್ಣ ಬಿಡಲಿಲ್ಲ. ಮರದಲ್ಲೋ ಗಾರೆಯಲ್ಲೋ ಮೂಲಮಾದರಿಯನ್ನು ಕಡೆದು ಅಚ್ಚು ತೆಗೆಯುವವರು ತಿರುಪಿನ ತಲೆಯನ್ನು ಹೀಗೆ ಬಿಡುವುದಿಲ್ಲ, ಪುಟ್ಟಿ ಮೆತ್ತಿ ಮುಚ್ಚುತ್ತಾರೆ. ಕಿಟಕಿಯ ಸುತ್ತ ಉಜ್ಜಿದಾಗ ಉತ್ತರ ಕಾಣಿಸಿತು. ಗಾಜು ಇರಬೇಕಾದ ಜಾಗ ಕನ್ನಡಿಯಷ್ಟು ನುಣುಪಾಗಿತ್ತು, ಅದರ ಅಂಚಿನಲ್ಲಿ ರಬ್ಬರ್ ಪಟ್ಟಿಯ ಏಣು, ಪಟ್ಟಿಯ ಎರಡು ತುದಿ ಕೂಡುವಲ್ಲಿನ ಸೀಳು, ಎಲ್ಲವೂ ಹಾಗೆಯೇ ಮೂಡಿದ್ದವು. ಗಾಜು ಕೂರಿಸಿ, ಬಣ್ಣ ಹೊಡೆದು, ರಸ್ತೆಯಲ್ಲಿ ಓಡಿ, ಎಡಮಗ್ಗುಲಿಗೆ ಪೆಟ್ಟು ತಿಂದು ತೇಪೆ ಹಾಕಿಸಿಕೊಂಡಿದ್ದ ಇನ್ನೊಂದು ವ್ಯಾನಿನ ಮೇಲೆಯೇ ಮೇಣ ಹಚ್ಚಿ ಈ ಅಚ್ಚನ್ನು ತೆಗೆದಿದ್ದರು. ನಂಬರ್ ಪ್ಲೇಟಿನ ದೀಪ ಬಿಚ್ಚಿದವರು ಒಂದು ತಿರುಪನ್ನು ಅಲ್ಲಿಯೇ ಬಿಟ್ಟಿದ್ದರು.

ಮಾಲೀಕರಿಗೆ ರಬ್ಬರಿನ ಗುರುತನ್ನು ತೋರಿಸಿ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಹದಿನಾಲ್ಕರ ಹುಡುಗನಾಗಿದ್ದಾಗ ಬೂದುಬಣ್ಣದ ವ್ಯಾನೊಂದು ದುರಸ್ತಿಗೆ ಬಂದು ಒಂದು ವಾರ ಒಳಗಿನ ಶೆಡ್ಡಿನಲ್ಲಿತ್ತೆಂದೂ, ಆ ವಾರವೆಲ್ಲ ರಾತ್ರಿ ದೀಪ ಉರಿಯುತ್ತಿತ್ತೆಂದೂ ಹೇಳಿದರು. ವ್ಯಾನಿನವರು ಪರಾನಾ ರಾಜ್ಯದ ಕಡೆಯವರು. ದುರಸ್ತಿಯ ಹಣ ಕೊಟ್ಟು ಗಾಡಿ ತೆಗೆದುಕೊಂಡು ಹೋದರು. ತಮ್ಮ ಗಾಡಿ ಏನನ್ನು ಬಿಟ್ಟುಹೋಯಿತೆಂದು ಅವರಿಗೆ ಗೊತ್ತಿತ್ತೇ ಎಂದು ಸಹೋದ್ಯೋಗಿ ಕೇಳಿದ. ಮಾಲೀಕರು ಹಿರಿಯರ ಮುಖ ನೋಡಿದರು, ಹಿರಿಯರು ಈಜುಕೊಳಗಳ ಕಡೆ ನೋಡಿದರು.

ಮೋಡ ಕವಿದಿತ್ತು. ಅಚ್ಚನ್ನು ಅಂಗಾತ ಬಿಟ್ಟರೆ ನೀರು ನಿಂತು ಸೊಳ್ಳೆಯಾಗುತ್ತದೆಂದು ಮತ್ತೆ ಐವರೂ ಕೈಹಾಕಿ ಮೊದಲಿನಂತೆ ಬೋರಲು ಹಾಕಿದೆವು. ಅದರ ಅಡಿಯಲ್ಲಿ ಗೂಡು ಮಾಡಿಕೊಂಡಿದ್ದ ಕೋಳಿ ಅಷ್ಟು ಹೊತ್ತೂ ಬೇಲಿಯ ಬಳಿ ಕೂಗುತ್ತಿದ್ದದ್ದು, ನಾವು ಹತ್ತು ಹೆಜ್ಜೆ ಹಿಂದೆ ಸರಿದ ಮೇಲೆ ಹಿಂದಿನ ದೀಪದ ಗುಂಡಿಯ ಒಡೆದ ಅಂಚಿನಿಂದ ಒಳಗೆ ನುಸುಳಿಕೊಂಡಿತು.